ನಾಳೆಯ ಚಿಂತೆ ಬೇರೆ, ನಾಳೆಯ ಸಿದ್ಧತೆ ಬೇರೆ

ಹುಬ್ಬಳ್ಳಿಯಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ನರಗುಂದ, ಕೊಣ್ಣೂರುಗಳನ್ನು ದಾಟಿ, ಮಲಪ್ರಭೆಯನ್ನು ಹಾಯ್ದು, ಗೋವನಕೊಪ್ಪವನ್ನು ಹಿಂದೆ ಹಾಕಿದರೆ ಕುಳಗೇರಿ ಕ್ರಾಸ್ ಸಿಗುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ತಿರುಗುತ್ತಾರೆ. ಕೆರೂರು, ಬಾಗಲಕೋಟೆ, ವಿಜಯಪುರಗಳಿಗೆ ಹೋಗುವವರು ನೇರವಾಗಿ ಮುಂದುವರಿಯುತ್ತಾರೆ. ಎಲ್ಲರೂ ಒಂದು ಗಳಿಗೆ ನಿಂತು, ಚಹಾ ಕುಡಿದು, ತಮ್ಮ ತಮ್ಮ ದಾರಿ ಹಿಡಿಯುವ ಸ್ಥಳವಿದು. ಆದರೆ 2019ರ ಆಗಸ್ಟ್ ತಿಂಗಳಿನಲ್ಲಿ ಇಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ಮಲಪ್ರಭೆ ದಡ ಮೀರಿದ್ದಳು. ಕೊಣ್ಣೂರಿನ ಬಳಿ ಹೆದ್ದಾರಿಯ ಸಂಚಾರ ನಿಂತುಹೋಗಿತ್ತು. ಕೆಳಗಡೆ ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನೀರು ನುಗ್ಗಿತ್ತು. ನದಿದಂಡೆಯ ಊರುಗಳ ಜನರು ಟ್ರ್ಯಾಕ್ಟರುಗಳ ಮೇಲೆ ಮಕ್ಕಳನ್ನೂ, ಮುದುಕರನ್ನೂ, ಕರುಗಳನ್ನೂ ಹೇರಿಕೊಂಡು ಎತ್ತರದ ನೆಲವನ್ನು ಅರಸುತ್ತ ಬರುತ್ತಿದ್ದರು.

ಆ ದಿನಗಳಲ್ಲಿ ನಾವು ಕಂಡ ಒಂದು ಸಂಗತಿ ಇಂದಿಗೂ ನಮ್ಮ ಮನಸ್ಸಿನಿಂದ ಮಾಸಿಲ್ಲ. ಒಂದು ಕುಟುಂಬದವರು ಟಿ.ವಿ. ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದರು. ಆದರೆ ಮನೆಯ ಹಿರಿಯರ ರಕ್ತದೊತ್ತಡದ ಮಾತ್ರೆಗಳು, ರೇಷನ್ ಕಾರ್ಡು, ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ನೀರಿನಲ್ಲಿ ಉಳಿದಿದ್ದವು. ಅವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ಏಕೆಂದರೆ ಆ ರಾತ್ರಿ ಆಶ್ರಯ ಕೇಳಿ ಕೆಲವು ಕುಟುಂಬಗಳು ನಮ್ಮ ಗುರುನಿವಾಸಕ್ಕೆ ಬಂದಾಗ ನಮ್ಮಲ್ಲಿ ಇದ್ದದ್ದು ಎರಡು ಕೊಡ ನೀರು, ಇಬ್ಬರಿಗೆ ಸಾಲುವಷ್ಟು ಅಕ್ಕಿ ಮತ್ತು ಒಂದು ಪೆಟ್ಟಿಗೆ ಮೇಣದ ಬತ್ತಿ ಮಾತ್ರ. ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕಗಳು ಕಪಾಟಿನ ಅತ್ಯಂತ ಕೆಳಗಿನ ಹಲಗೆಯಲ್ಲಿದ್ದವು. ನೀರು ಅಲ್ಲಿಯವರೆಗೆ ಬರಲಿಲ್ಲವೆಂಬುದು ದೇವರ ಕೃಪೆಯೇ ಹೊರತು ನಮ್ಮ ಜಾಣತನವಲ್ಲ. ಪ್ರತಿ ವರ್ಷ ಆಗಮನ ಕಾಲದಲ್ಲಿ ಎಚ್ಚರವಾಗಿರಿ, ಸಿದ್ಧರಾಗಿರಿ ಎಂದು ಪೀಠದಿಂದ ಬೋಧಿಸುವ ನಾವು ನಮ್ಮ ಮನೆಯಲ್ಲೇ ಸಿದ್ಧರಿರಲಿಲ್ಲ. ಈ ಲೇಖನವನ್ನು ಆ ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಮನೆಯಲ್ಲಿ ಮುಂಜಾಗ್ರತೆ ಬೇಕೆಂದರೆ ನಮ್ಮ ಭಕ್ತ ಕುಟುಂಬಗಳಿಂದ ಬರುವ ಮೊದಲ ಉತ್ತರ ನಮಗೆ ಗೊತ್ತು. ನಾಳೆಯ ಬಗ್ಗೆ ಚಿಂತಿಸಬಾರದೆಂದು ಪ್ರಭು ಯೇಸುವೇ ಕಲಿಸಲಿಲ್ಲವೇ? ಆಕಾಶದ ಹಕ್ಕಿಗಳು ಬಿತ್ತುವುದೂ ಇಲ್ಲ, ಕಣಜ ತುಂಬುವುದೂ ಇಲ್ಲ. ಆದರೂ ತಂದೆಯು ಅವುಗಳನ್ನು ಸಲಹುತ್ತಾನಲ್ಲವೇ? ಹಾಗಿರುವಾಗ ಕೂಡಿಡುವುದು ವಿಶ್ವಾಸದ ಕೊರತೆಯಲ್ಲವೇ? ಪ್ರಶ್ನೆ ಹಗುರವಾದದ್ದಲ್ಲ. ಅದಕ್ಕೆ ನೇರವಾಗಿ ಉತ್ತರ ಕೊಡಬೇಕು.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ಸಂತ ತೋಮಸ್ ಅಕ್ವಿನಾಸರ ಗ್ರಂಥದಲ್ಲಿ ನಾವು ಇದೇ ಪ್ರಶ್ನೆಯನ್ನು ಕಂಡಿದ್ದೆವು. ಅವರ ವಿಚಾರದ ಸಾರ ಹೀಗಿದೆ: ಪ್ರತಿಯೊಂದು ಕಾಲಕ್ಕೂ ಅದರದೇ ಆದ ಕಾಳಜಿ ಇರುತ್ತದೆ. ಬೇಸಿಗೆಯಲ್ಲಿ ಪೈರು ಕೊಯ್ಯುವ ಕಾಳಜಿ ಯುಕ್ತವಾದದ್ದು. ದ್ರಾಕ್ಷಿ ಕೀಳುವ ಕಾಳಜಿ ಶರತ್ಕಾಲಕ್ಕೆ ಸೇರಿದ್ದು. ಸುಗ್ಗಿಯ ದಿನ ನಿಂತು ದ್ರಾಕ್ಷಿಗಾಗಿ ತಳಮಳಿಸುವವನು ಇಂದಿನ ಕೆಲಸವನ್ನೂ ಕೆಡಿಸುತ್ತಾನೆ, ನಾಳೆಯದನ್ನೂ ಸಾಧಿಸುವುದಿಲ್ಲ. ಪ್ರಭು ನಿಷೇಧಿಸಿದ್ದು ಈ ತಳಮಳವನ್ನು. ತಕ್ಕ ಕಾಲದಲ್ಲಿ ತಕ್ಕ ಕೆಲಸವನ್ನು ಮಾಡುವುದಕ್ಕೆ ವಿವೇಕವೆಂದು ಹೆಸರು. ಮುಂದಾಲೋಚನೆಯು ಆ ವಿವೇಕದ ಒಂದು ಅಂಗ. ಅಷ್ಟೇ ಅಲ್ಲ, ಅರಸನಿಗೆ ರಾಜ್ಯವಾಳುವ ವಿವೇಕವಿರುವಂತೆ, ಮನೆಯನ್ನು ನಡೆಸುವವರಿಗೂ ಪ್ರತ್ಯೇಕವಾದೊಂದು ವಿವೇಕವಿದೆ ಎಂದು ಆ ಸಂತರು ಒಪ್ಪುತ್ತಾರೆ. ಅಡುಗೆಮನೆಯ ಡಬ್ಬಿಗಳನ್ನು ಲೆಕ್ಕವಿಡುವ ತಾಯಂದಿರು ತಮಗರಿವಿಲ್ಲದೆಯೇ ಈ ಸದ್ಗುಣವನ್ನು ಆಚರಿಸುತ್ತಿದ್ದಾರೆ.

ಪವಿತ್ರ ಗ್ರಂಥದಲ್ಲಿ ಕಣಜ ಕಟ್ಟಿದವರಿಬ್ಬರ ಕಥೆ ಇದೆ. ಒಬ್ಬನು ಜೋಸೆಫ. ಈಜಿಪ್ಟಿನ ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಅವನು ಕೂಡಿಸಿಟ್ಟನು. ಇನ್ನೊಬ್ಬನು ಸಂತ ಲೂಕನ ಶುಭಸಂದೇಶದಲ್ಲಿ ಬರುವ ಬುದ್ಧಿಗೇಡಿ ಶ್ರೀಮಂತ. ಅವನೂ ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟಲು ಯೋಚಿಸಿದನು. ಒಬ್ಬನು ಮೆಚ್ಚುಗೆಗೆ ಪಾತ್ರನಾದನು, ಇನ್ನೊಬ್ಬನು ಅದೇ ರಾತ್ರಿ ಬರಿಗೈಯಲ್ಲಿ ಹೊರಡಬೇಕಾಯಿತು. ಇಬ್ಬರೂ ಕೂಡಿಟ್ಟವರೇ. ಹಾಗಾದರೆ ವ್ಯತ್ಯಾಸವೆಲ್ಲಿ? ಬರಗಾಲ ಬಂದಾಗ ಜೋಸೆಫನ ಕಣಜದ ಬಾಗಿಲು ಊರಿಗೆಲ್ಲ ತೆರೆಯಿತು, ತನ್ನನ್ನು ಮಾರಿದ ಅಣ್ಣಂದಿರಿಗೂ ತೆರೆಯಿತು. ಶ್ರೀಮಂತನ ಕಣಜಕ್ಕೆ ಹೊರಗಿನವರಿಗಾಗಿ ಬಾಗಿಲೇ ಇರಲಿಲ್ಲ. ಕೂಡಿಡುವುದು ಪಾಪವೋ ಪುಣ್ಯವೋ ಎಂಬುದು ಕಣಜದ ಗಾತ್ರದಿಂದ ತೀರ್ಮಾನವಾಗುವುದಿಲ್ಲ, ಬಾಗಿಲಿನಿಂದ ತೀರ್ಮಾನವಾಗುತ್ತದೆ.

ಇದು ನಮ್ಮ ನಾಡಿಗೆ ಹೊಸ ಪಾಠವಲ್ಲ. ಈ ಕರಿಮಣ್ಣಿನ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಜೋಳದ ಕಣಿಕೆ, ಹುಲ್ಲುಗಳನ್ನು ಒತ್ತಾಗಿ ಹೊದಿಸಿ, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹತ್ತಾರು ಚೀಲ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದರ ಗುಟ್ಟು ಸರಳವಾದದ್ದು. ಮುಚ್ಚಿದ ಗುಂಡಿಯೊಳಗೆ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಇಂಗಾಲಾಮ್ಲ ತುಂಬಿಕೊಳ್ಳುತ್ತದೆ, ಹುಳು ಬದುಕಲಾರದು. 1791–92ರ ಭೀಕರ ಕ್ಷಾಮವನ್ನೂ, 1876–78ರ ಮಹಾಕ್ಷಾಮವನ್ನೂ ಕಂಡ ನಾಡಿಗೆ ಹಗೇವು ಕೇವಲ ಉಗ್ರಾಣವಾಗಿರಲಿಲ್ಲ, ಅನುಭವ ಕಲಿಸಿದ ಬುದ್ಧಿಯಾಗಿತ್ತು.

ಆದರೆ ಹುಳುವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಹಳ ದಿನ ಮುಚ್ಚಿದ್ದ ಹಗೇವಿಗೆ ಅವಸರದಿಂದ ಇಳಿದು ಪ್ರಾಣ ಕಳೆದುಕೊಂಡವರುಂಟು. ಅವರನ್ನು ಎತ್ತಲು ಇಳಿದು ಅವರೊಡನೆಯೇ ಹೋದವರೂ ಉಂಟು. ಆದ್ದರಿಂದಲೇ ಹಿರಿಯರು ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಇಂದಿಗೂ ಎಲ್ಲಿಯಾದರೂ ಹಗೇವನ್ನೋ, ಹಳೆಯ ಬಾವಿಯನ್ನೋ, ಮುಚ್ಚಿದ ನೀರಿನ ತೊಟ್ಟಿಯನ್ನೋ ತೆರೆಯುವವರು ಈ ಮಾತನ್ನು ಮರೆಯಬಾರದು. ದೀಪ ಉರಿದರೂ ಅದೊಂದನ್ನೇ ನಂಬಬಾರದು. ಒಬ್ಬಂಟಿಯಾಗಿ ಎಂದಿಗೂ ಇಳಿಯಬಾರದು. ಮನುಷ್ಯನ ಮನಸ್ಸಿಗೂ ಈ ಮಾತು ಸಲ್ಲುತ್ತದೆ. ಕೂಡಿಟ್ಟದ್ದನ್ನು ಯಾರಿಗೂ ತೆರೆಯದೆ ಮುಚ್ಚಿಟ್ಟರೆ ಒಳಗಿನ ಗಾಳಿ ವಿಷವಾಗುತ್ತದೆ.

ಹಗೇವುಗಳು ಬಹುಮಟ್ಟಿಗೆ ಮರೆಯಾದವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಬಡ ಕುಟುಂಬಗಳ ಹಸಿವನ್ನು ನೀಗಿಸಲು ನೆರವಾಗಿದೆ. ಅದು ಸಂತೋಷದ ಸಂಗತಿ. ಆದರೆ ಅಂಗಡಿ ಹತ್ತಿರವಿದೆ, ರೇಷನ್ ಬರುತ್ತದೆ ಎಂಬ ಧೈರ್ಯದಲ್ಲಿ ಮನೆಯಲ್ಲಿ ವಾರದ ಕಾಳನ್ನೂ ಇಡದ ಅಭ್ಯಾಸ ನಮ್ಮಲ್ಲಿ ಬೆಳೆಯಿತು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿದಾಗ ಆ ಧೈರ್ಯ ಎಷ್ಟು ತೆಳುವಾದದ್ದೆಂದು ತಿಳಿಯಿತು. ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗಿದ್ದ ನಮ್ಮ ಜಿಲ್ಲೆಯ ಜನರು ಕೂಲಿಯಿಲ್ಲದೆ, ವಾಹನವಿಲ್ಲದೆ ಸಿಕ್ಕಿಬಿದ್ದರು. ಏಪ್ರಿಲ್ 12ರ ಪಾಸ್ಖ ಹಬ್ಬದಂದು ದೇವಾಲಯಗಳ ಬಾಗಿಲು ಮುಚ್ಚಿತ್ತು. ಅಂದು ಮನೆಯೇ ದೇವಾಲಯವಾಯಿತು, ಮನೆಯೇ ಶಾಲೆಯಾಯಿತು, ಮನೆಯೇ ಆಸ್ಪತ್ರೆಯಾಯಿತು. ಆ ಭಾರವನ್ನು ಹೊರಲು ಎಷ್ಟು ಮನೆಗಳು ಸಿದ್ಧವಾಗಿದ್ದವು?

ಹಾಗಾದರೆ ಏನು ಮಾಡಬೇಕು? ದೊಡ್ಡ ಖರ್ಚಿನ ಮಾತನ್ನು ನಾವು ಆಡುವುದಿಲ್ಲ. ಮೂರು ದಿನ ಹೊರಗಿನ ನೆರವಿಲ್ಲದೆ ನಮ್ಮ ಮನೆ ನಡೆದೀತೇ ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಕುಟುಂಬವೂ ಕೇಳಿಕೊಳ್ಳಲಿ.

ಮೊದಲನೆಯದು ನೀರು. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರು ಹಿಡಿದರೆ, ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರು ಬೇಕು. ನಾಲ್ಕೈದು ಕೊಡ ಮುಚ್ಚಿಟ್ಟರೆ ಸಾಕು. ಪ್ರವಾಹ ಬಂದಾಗ ಸುತ್ತಲೂ ನೀರಿರುತ್ತದೆ, ಕುಡಿಯಲು ಮಾತ್ರ ಇರುವುದಿಲ್ಲ. ಬಾವಿ, ಬೋರುಗಳ ನೀರೂ ಕೆಟ್ಟಿರುತ್ತದೆ. ಆಗ ಚೆನ್ನಾಗಿ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಇನ್ನೊಂದು ಲೆಕ್ಕವನ್ನೂ ಮನೆಯ ಯುವಕರು ಮಾಡಿನೋಡಲಿ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 60 ಚದರ ಮೀಟರಿನ ಮಾಳಿಗೆಯ ಮೇಲೆ 25 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಸುರಿದರೆ 1,500 ಲೀಟರು. ಒಂದು ಕಡೆ ನೆರೆ, ಇನ್ನೊಂದು ಕಡೆ ಬರ ಎರಡನ್ನೂ ಕಾಣುವ ನಮ್ಮ ಸೀಮೆಯಲ್ಲಿ ಇಷ್ಟು ನೀರನ್ನು ಬೀದಿಗೆ ಬಿಡುವುದು ತರವಲ್ಲ.

ಎರಡನೆಯದು ಆಹಾರ. ಇಲ್ಲಿ ನಮ್ಮ ತಾಯಂದಿರಿಗೆ ನಾವು ಕಲಿಸಬೇಕಾದದ್ದೇನೂ ಇಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಪುಠಾಣಿ, ಅವಲಕ್ಕಿ, ಬೆಲ್ಲ: ಒಲೆ ಹಚ್ಚದೆ ಉಣ್ಣಬಹುದಾದ, ವಾರಗಟ್ಟಲೆ ಕೆಡದ ಇಂಥ ಬುತ್ತಿಯನ್ನು ಜಗತ್ತಿನ ಬೇರೆ ಕಡೆಯವರು ಡಬ್ಬಿಗಳಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ. ಇಲ್ಲಿ ಅದು ಹುನಗುಂದ, ಇಳಕಲ್ಲುಗಳ ಪ್ರತಿ ಮನೆಗೂ ಪರಿಚಿತವಾದದ್ದು. ಒಂದು ಗಂಟು ರೊಟ್ಟಿಯನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು, ಹಳೆಯದನ್ನು ಉಣ್ಣುತ್ತ ಹೊಸದನ್ನು ಸೇರಿಸುತ್ತ ಹೋದರೆ ಸಾಕು.

ಮೂರನೆಯದು ಔಷಧ ಮತ್ತು ಕಾಗದಪತ್ರ. ದಿನವೂ ಮಾತ್ರೆ ನುಂಗುವವರಿಗೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ವಾಂತಿಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುವುದನ್ನು ಮನೆಯ ಪ್ರತಿಯೊಬ್ಬರೂ ಕಲಿತಿರಲಿ. ಆಧಾರ್, ರೇಷನ್ ಕಾರ್ಡು, ಉತಾರ, ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ದೀಕ್ಷಾಸ್ನಾನ ಮತ್ತು ವಿವಾಹದ ಪ್ರಮಾಣಪತ್ರಗಳನ್ನು ನೀರು ಹೋಗದ ಒಂದೇ ಚೀಲದಲ್ಲಿಟ್ಟು ಎತ್ತರದ ಮೊಳೆಗೆ ತೂಗುಹಾಕಿ. ಅವುಗಳ ಚಿತ್ರ ತೆಗೆದು ದೂರದ ಬಂಧುಗಳ ಮೊಬೈಲಿಗೂ ಕಳಿಸಿಡಿ. ನೆರೆ ಇಳಿದ ಮೇಲೆ ಪರಿಹಾರಕ್ಕಾಗಿ ಕಚೇರಿಯ ಬಾಗಿಲಲ್ಲಿ ನಿಲ್ಲುವಾಗ ಕೇಳುವುದು ಕಣ್ಣೀರನ್ನಲ್ಲ, ಕಾಗದವನ್ನು.

ನಾಲ್ಕನೆಯದು ತಿಳಿವಳಿಕೆ. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಗೋವನಕೊಪ್ಪಕ್ಕೋ ಪಟ್ಟದಕಲ್ಲಿಗೋ ತಕ್ಷಣ ಬಂದುಬಿಡುವುದಿಲ್ಲ. ನಡುವೆ ಕೆಲವು ಗಂಟೆಗಳ ಅವಕಾಶವಿರುತ್ತದೆ. ಡಂಗುರವನ್ನು ಕೇಳಿಯೂ 'ನೋಡೋಣ' ಎಂದು ಕುಳಿತುಕೊಳ್ಳುವವರು ಆ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ಮನೆ ಬಿಡುವಾಗ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನೂ ಗ್ಯಾಸ್ ಸಿಲಿಂಡರನ್ನೂ ಬಂದ್ ಮಾಡಬೇಕು, ದನಗಳ ಹಗ್ಗ ಬಿಚ್ಚಬೇಕು. ನೆರೆ ಇಳಿದ ಮನೆಯಲ್ಲಿ ಹಾವಿರುತ್ತದೆ. ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. 112, 108 ಮತ್ತು ಜಿಲ್ಲಾ ವಿಪತ್ತು ಸಹಾಯವಾಣಿ 1077 ಈ ಮೂರು ಸಂಖ್ಯೆಗಳನ್ನು ಬಾಗಿಲಿನ ಹಿಂದೆ ಸುಣ್ಣದಿಂದಲಾದರೂ ಬರೆದಿಡಿ. ಹತ್ತು ಕನ್ಯೆಯರ ಸಾಮತಿಯಲ್ಲಿ ಜಾಣೆಯರು ಎಣ್ಣೆ ಕೊಡಲಿಲ್ಲವೆಂದು ಅನೇಕರು ಬೇಸರಪಡುತ್ತಾರೆ. ಅವರು ಜಿಪುಣರೆಂದು ನಮಗನ್ನಿಸುವುದಿಲ್ಲ. ಕೆಲವು ವಸ್ತುಗಳನ್ನು ಕೊನೆಯ ಗಳಿಗೆಯಲ್ಲಿ ಸಾಲ ಕೊಡಲು ಬರುವುದಿಲ್ಲ. ರೊಟ್ಟಿಯನ್ನು ಹಂಚಿಕೊಳ್ಳಬಹುದು; ಕಲಿಯದಿದ್ದ ತಿಳಿವಳಿಕೆಯನ್ನು ನೀರು ಬಾಗಿಲಿಗೆ ಬಂದಾಗ ಯಾರೂ ಎರವಲು ಕೊಡಲಾರರು.

ಐದನೆಯದು ಹಣ. ಇದನ್ನು ಹೇಳುವಾಗ ನಮ್ಮವರಿಗೆ ನೋವಾಗಬಹುದು. ಪ್ರಥಮ ಪರಮಪ್ರಸಾದಕ್ಕೆ, ಮದುವೆಗೆ, ಊರ ಹಬ್ಬಕ್ಕೆ ಬಡ್ಡಿಯ ಸಾಲ ತೆಗೆದು ಶಾಮಿಯಾನ ಹಾಕಿಸುವ ಕುಟುಂಬಗಳನ್ನು ನಾವು ಬಲ್ಲೆವು. ಅದೇ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಬಾಗಲಕೋಟೆಗೆ ಒಯ್ಯಲು ಬಸ್ಸಿನ ದುಡ್ಡಿರುವುದಿಲ್ಲ. ಬಲಿಪೂಜೆಗೆ ಶಾಮಿಯಾನ ಬೇಡ, ಸಂಸ್ಕಾರಕ್ಕೆ ಸಾಲ ಬೇಡ. ಆ ಹಣದಲ್ಲಿ ಕಾಲುಭಾಗ ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲೋ ಅಂಚೆ ಕಚೇರಿಯ ಖಾತೆಯಲ್ಲೋ ಇದ್ದರೆ ಕಷ್ಟಕಾಲದಲ್ಲಿ ಬಡ್ಡಿಯವರ ಬಾಗಿಲಿಗೆ ಹೋಗುವುದು ತಪ್ಪುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದದ್ದು. ದಿನಗೂಲಿಯಿಂದ ದಿನದ ಹೊಟ್ಟೆ ಹೊರೆಯುವವರು ಏನನ್ನು ಕೂಡಿಡಬೇಕು? ನಮ್ಮ ಜಿಲ್ಲೆಯ ಕೂಡಲಸಂಗಮವನ್ನು ನೆನೆದರೆ ಹನ್ನೆರಡನೆಯ ಶತಮಾನದ ಶರಣರು ನೆನಪಾಗುತ್ತಾರೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆ ಮನೆಮನೆಗೂ ಗೊತ್ತು. ಅಗತ್ಯಕ್ಕಿಂತ ಹೆಚ್ಚನ್ನು ಒಲ್ಲದ ಆ ತಾಯಿಯ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಒಂದನ್ನು ಗಮನಿಸಬೇಕು: ಆ ದಂಪತಿಗಳ ಸುತ್ತ ಒಂದು ಸಮುದಾಯವಿತ್ತು. ತನಗಾಗಿ ಇಡದವರನ್ನು ಕಾಯಲು ಇತರರಿದ್ದರು. ಒಬ್ಬೊಬ್ಬರೇ ಇಡಲಾರದ್ದನ್ನು ಹತ್ತು ಮನೆಗಳು ಕೂಡಿ ಇಡಬಹುದು.

ದೂರದ ಮಿಜೋರಾಂ ರಾಜ್ಯದ ಪ್ರೆಸ್ಬಿಟೇರಿಯನ್ ಸಭೆಯ ಸಹೋದರಿಯರು ಕಳೆದ ಶತಮಾನದ ಆರಂಭದಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ ದೇವರ ಕಾರ್ಯಕ್ಕೆ ಎತ್ತಿಡುತ್ತಾರೆ. ಬಡವರಲ್ಲಿ ಬಡವರೂ ಒಂದು ಹಿಡಿ ಕೊಡಬಲ್ಲರು. ನಮ್ಮಲ್ಲಿ ಅದು ಹಿಡಿ ಜೋಳವಾಗಲಿ. ವಾರಕ್ಕೊಮ್ಮೆ ಹತ್ತು ಮನೆಗಳ ಕಾಳು ಒಂದು ಡಬ್ಬಿಗೆ ಸೇರಲಿ, ಬೇವಿನ ಎಲೆಯೊಡನೆ ಒಣಗಿರಲಿ, ಲೆಕ್ಕ ಇಬ್ಬರು ತಾಯಂದಿರ ಕೈಯಲ್ಲಿರಲಿ. ಯಾರ ಮನೆಯ ಒಲೆ ಆರಿದರೂ, ಅವರು ಯಾವ ಮತದವರೆಂದು ಕೇಳದೆ, ಡಬ್ಬಿಯ ಬಾಯಿ ತೆರೆಯಲಿ. ಇದೇ ಬಾಗಿಲುಳ್ಳ ಕಣಜ.

ಗುರುಗಳಾದ ನಾವೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಬಾಲ್ಯದಲ್ಲಿ ಪರದೇಶದ ಹಾಲಿನ ಪುಡಿ, ಗೋಧಿ ನುಚ್ಚು, ಎಣ್ಣೆಗಳನ್ನು ದೇವಾಲಯದ ಅಂಗಳದಲ್ಲಿ ಹಂಚುತ್ತಿದ್ದರು. ಅದರಿಂದ ಅನೇಕ ಮಕ್ಕಳು ಬದುಕಿದರು. ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೆ ಕೊಡುವ ಕೈ ಯಾವಾಗಲೂ ಒಂದೇ ಆಗಿದ್ದರೆ, ಚಾಚುವ ಕೈಯೂ ಯಾವಾಗಲೂ ಒಂದೇ ಆಗಿಬಿಡುತ್ತದೆ. ಕಷ್ಟ ಬಂದರೆ ಸ್ವಾಮಿಗಳಿದ್ದಾರೆ ಎಂಬ ಮಾತು ಕೇಳಲು ನಮಗೆ ಹಿತವಾಗಿತ್ತು. ನಮ್ಮಲ್ಲಿ ಎರಡು ಕೊಡ ನೀರು ಮಾತ್ರ ಇದ್ದ ಆ ರಾತ್ರಿ ಅದರ ಪೊಳ್ಳುತನ ಬಯಲಾಯಿತು.

ಹಾಗೆಂದು ಸರ್ಕಾರದ ಹೊಣೆಯನ್ನು ಬಡವರ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಅಣೆಕಟ್ಟಿನ ನೀರನ್ನು ಸಕಾಲದಲ್ಲಿ ಲೆಕ್ಕಹಾಕಿ ಬಿಡುವುದು, ನದಿಯ ಪಾತ್ರದ ಒತ್ತುವರಿಯನ್ನು ತೆರವುಗೊಳಿಸುವುದು, 2009ರ ಪ್ರವಾಹದ ನಂತರ 'ಆಸರೆ' ಯೋಜನೆಯಲ್ಲಿ ಕಟ್ಟಿದ ಮನೆಗಳು ವಾಸಯೋಗ್ಯವಾಗಿರುವಂತೆ ನೋಡಿಕೊಳ್ಳುವುದು, ಇವೆಲ್ಲ ಪ್ರಭುತ್ವದ ಕರ್ತವ್ಯ. ಅದನ್ನು ಕೇಳುವುದು ನಮ್ಮ ಹಕ್ಕು. ಹೊಟ್ಟೆ ಹಸಿದು ದಾಖಲೆ ಕಳೆದುಕೊಂಡವರು ಹಕ್ಕನ್ನು ಕೇಳುವುದು ಕಷ್ಟ. ಮೂರು ದಿನದ ಬುತ್ತಿ, ಕೈಯಲ್ಲಿ ಕಾಗದ ಇರುವವರು ತಲೆಯೆತ್ತಿ ಕೇಳಬಲ್ಲರು.

ಜೂನ್ 13ರಂದು ಸಂತ ಅಂತೋನಿಯವರ ಹಬ್ಬ. ಬಡವರಿಗೆ ರೊಟ್ಟಿ ಹಂಚುವ ಸಂಪ್ರದಾಯ ಆ ಸಂತರ ಹೆಸರಿನಲ್ಲಿದೆ. ಮುಂಗಾರು ಕಾಲಿಡುವ ಹೊತ್ತೂ ಅದೇ. ಹಬ್ಬದ ಹಿಂದಿನ ಸಂಜೆ ಜಪಮಾಲೆ ಮುಗಿದ ಮೇಲೆ ಕುಟುಂಬದವರೆಲ್ಲ ಕುಳಿತು ನೀರು, ಬುತ್ತಿ, ಮಾತ್ರೆ, ಕಾಗದದ ಚೀಲ, ಬಾಗಿಲ ಹಿಂದಿನ ಸಂಖ್ಯೆಗಳನ್ನು ಒಮ್ಮೆ ನೋಡಲಿ. ಅರ್ಧ ತಾಸಿನ ಕೆಲಸ. ಬಳಿಕ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ನೀರು ಬಂದ ರಾತ್ರಿ ನಮ್ಮ ಓಣಿಯಲ್ಲಿ ಯಾರನ್ನು ನಾವು ಎತ್ತಿಕೊಂಡು ಬರಬೇಕು? ಒಂಟಿ ಮುದುಕಿಯೇ, ಬಾಣಂತಿಯೇ, ನಡೆಯಲಾರದವರೇ? ಆ ಹೆಸರನ್ನೂ ಬಾಗಿಲ ಹಿಂದೆ ಬರೆಯಲಿ.

ನಮ್ಮ ಗುರುನಿವಾಸದ ಬಾಗಿಲ ಹಿಂದೆ ಈಗ ಅಂಥದೊಂದು ಪಟ್ಟಿ ಇದೆ. ದೀಕ್ಷಾಸ್ನಾನದ ಪುಸ್ತಕಗಳು ಮೇಲಿನ ಹಲಗೆಗೆ ಏರಿವೆ. ಇಷ್ಟನ್ನು ಮಾಡಿಟ್ಟು ಮಲಗುವವನು ನಾಳೆಯ ಚಿಂತೆಯನ್ನು ನಿಜವಾಗಿಯೂ ತಂದೆಯ ಕೈಗೆ ಒಪ್ಪಿಸಿ ಮಲಗಬಹುದು.